ಗೋದಲಿಯ ಪಾಪು ಯಾಕೆ ದೊಡ್ಡವನಾಗಲಿಲ್ಲ? ಪುಟ್ಟ ಮಕ್ಕಳು ಮತ್ತು ಕ್ರಿಸ್‌ಮಸ್‌ನ ಅರ್ಥ

ನಾಲ್ಕು ವರ್ಷದ ಮಗುವನ್ನು ಕ್ರಿಸ್‌ಮಸ್ ಗೋದಲಿಯ, ಅಂದರೆ ಯೇಸು ಹುಟ್ಟಿದ ದೃಶ್ಯವನ್ನು ಬೊಂಬೆಗಳಲ್ಲಿ ಜೋಡಿಸಿದ್ದರ ಮುಂದೆ ಕೂರಿಸಿಕೊಳ್ಳಿ. ಇವಳು ಮರಿಯಳು, ಇವನು ಯೋಸೇಫ, ಹುಲ್ಲಿನ ಮೇಲೆ ಮಲಗಿರುವವನು ಯೇಸು, ಇವತ್ತು ಅವನ ಹುಟ್ಟುಹಬ್ಬ ಅಂತ ಹೇಳಿ. ಮಗು ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತದೆ. ಆಮೇಲೆ ಕೇಳುತ್ತದೆ: "ಹೋದ್ಸಲಾನೂ ಪಾಪು ಆಗಿದ್ದ. ಈಗಲೂ ಪಾಪು. ಯಾಕೆ ದೊಡ್ಡವನಾಗಲೇ ಇಲ್ಲ?"

ಸುತ್ತ ಇರುವ ದೊಡ್ಡವರು ನಗುತ್ತಾರೆ. ನನಗೆ ಈ ಪ್ರಶ್ನೆ ಕೇಳಿದಾಗ ನಗು ಬರುವುದಿಲ್ಲ. ಮಗು ನಾವು ಹೇಳಿದ ಎರಡು ಮಾತನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಹುಟ್ಟುಹಬ್ಬ ಬಂದರೆ ವಯಸ್ಸು ಏರಬೇಕು. ಇಲ್ಲಿ ಏರಿಲ್ಲ. ಎಲ್ಲೋ ತಪ್ಪಿದೆ ಅಂತ ಅದಕ್ಕೆ ಗೊತ್ತಾಗಿದೆ.

ಚರ್ಚಿನ ಸಂಡೇ ಸ್ಕೂಲಿನಲ್ಲಿ ಚಿಕ್ಕ ಮಕ್ಕಳ ಗುಂಪಿನ ಜೊತೆ ಕೆಲವು ವರ್ಷ ಕಳೆದವಳು ನಾನು. ಡಿಸೆಂಬರ್ ಬಂತೆಂದರೆ ಅಪ್ಪ ಅಮ್ಮಂದಿರು ಕೇಳುತ್ತಿದ್ದದ್ದು ಒಂದೇ. "ಇವಕ್ಕೆ ಇದೆಲ್ಲ ಅರ್ಥ ಆಗುತ್ತಾ? ದೀಪ, ನಕ್ಷತ್ರ, ಉಡುಗೊರೆ, ಇಷ್ಟೇ ತಾನೇ ಇವರಿಗೆ?" ಆಗ ನಾನು ಹೌದು ಅಂತಲೋ ಇಲ್ಲ ಅಂತಲೋ ಒಂದು ಉತ್ತರ ಕೊಟ್ಟುಬಿಡುತ್ತಿದ್ದೆ. ಈಗ ಹಾಗೆ ಕೊಡಲಾರೆ. ಅರ್ಥ ಆಗುವುದು ಅಂತ ನಾವು ಒಂದೇ ಮಾತಿನಲ್ಲಿ ಹೇಳುವುದರ ಒಳಗೆ ಬೇರೆ ಬೇರೆ ಕೆಲಸಗಳಿವೆ. ಕಥೆ ತಿಳಿಯುವುದು ಒಂದು. ಅದು ನಿಜವಾಗಿ ನಡೆದದ್ದೋ ಕಟ್ಟಿದ್ದೋ ಅಂತ ತೀರ್ಮಾನಿಸುವುದು ಇನ್ನೊಂದು. ಇದು ನಮ್ಮದು, ಇದಕ್ಕೆ ಗೌರವ ಕೊಡಬೇಕು ಅಂತ ಅನ್ನಿಸುವುದು ಮತ್ತೊಂದು. ಆ ಹುಟ್ಟು ಯಾಕೆ ದೊಡ್ಡದು ಅಂತ ಗ್ರಹಿಸುವುದು ಇವೆಲ್ಲಕ್ಕಿಂತ ಬೇರೆ. ಇವೆಲ್ಲ ಒಟ್ಟಿಗೆ ಬರುವುದಿಲ್ಲ. ಕೆಲವು ನಾವು ಎಣಿಸಿದ್ದಕ್ಕಿಂತ ಬೇಗ ಬರುತ್ತವೆ. ಒಂದು ಮಾತ್ರ ತುಂಬಾ ತಡ.

ಆ ತಡವಾಗಿ ಬರುವುದನ್ನೇ ಮೊದಲು ನೋಡೋಣ.

ಬೇತ್ಲೆಹೇಮಿನಲ್ಲಿ ಒಂದು ಮಗು ಹುಟ್ಟಿತು ಅನ್ನುವುದು ಸುದ್ದಿ. ಲೋಕವನ್ನು ಉಂಟುಮಾಡಿದ ದೇವರೇ ಆ ಮಗುವಾಗಿ ಬಂದ, ಮನುಷ್ಯರನ್ನು ಪಾಪದಿಂದ ಬಿಡಿಸಲು ಬಂದ ಅನ್ನುವುದು ಕ್ರೈಸ್ತರು ಆ ಸುದ್ದಿಯಲ್ಲಿ ಕಾಣುವ ಅರ್ಥ. ಹಬ್ಬ ಮಾಡುವುದು ಈ ಎರಡನೆಯದಕ್ಕೆ. ಇದು ಸುಲಭದ ಮಾತಲ್ಲ. ಯೇಸು ದೇವರಿಗೆ ಸಮಾನನೋ, ದೇವರು ಸೃಷ್ಟಿಸಿದವರಲ್ಲಿ ಮೊದಲನೆಯವನೋ ಅಂತ ದೊಡ್ಡ ಜಗಳವೇ ನಡೆದಿತ್ತು. ಅದನ್ನು ಬಗೆಹರಿಸಲು 325ರಲ್ಲಿ ನೈಸಿಯಾ ಅನ್ನುವ ಊರಿನಲ್ಲಿ ಬಿಷಪ್ಪರ ಸಭೆ ಸೇರಿತು. ಮಗನಾದ ಯೇಸು ತಂದೆಯಾದ ದೇವರ ಜೊತೆ ಒಂದೇ ಸತ್ವದವನು ಅಂತ ಆ ಸಭೆ ಹೇಳಿತು. ಜಗಳ ಅಲ್ಲಿಗೆ ಮುಗಿಯಲಿಲ್ಲ. ಒಬ್ಬನೇ ವ್ಯಕ್ತಿ ಪೂರ್ತಿ ದೇವರೂ ಪೂರ್ತಿ ಮನುಷ್ಯನೂ ಆಗಿರುವುದು ಹೇಗೆ ಅನ್ನುವುದಕ್ಕೆ 451ರಲ್ಲಿ ಕ್ಯಾಲ್ಸೆಡನ್‌ನಲ್ಲಿ ಮತ್ತೊಂದು ಸಭೆ ಬೇಕಾಯಿತು. ಅಲ್ಲಿನ ಮಾತನ್ನು ಒಪ್ಪದೆ ಬೇರೆಯಾದ ಚರ್ಚುಗಳು ಇವತ್ತಿಗೂ ಬೇರೆಯಾಗಿಯೇ ಇವೆ.

ಇದನ್ನೇಕೆ ಹೇಳಿದೆ ಅಂದರೆ, ಓದಿದ ದೊಡ್ಡವರಿಗೇ ಇಷ್ಟು ಕಾಲ ಹಿಡಿದ ವಿಷಯ ಇದು. ನಾಲ್ಕು ವರ್ಷದ ಮಗುವಿಗೆ ಅರ್ಥವಾಗಿಲ್ಲ ಅಂತ ಬೇಸರ ಮಾಡಿಕೊಳ್ಳುವ ಮುಂಚೆ ಇದನ್ನು ನೆನಪಿಟ್ಟುಕೊಳ್ಳಬೇಕು. ಇನ್ನೊಂದು ಸಂಗತಿಯೂ ಇದೆ. ರೋಮಿನಲ್ಲಿ ಡಿಸೆಂಬರ್ 25ನ್ನು ಯೇಸು ಹುಟ್ಟಿದ ದಿನವಾಗಿ ಗುರುತಿಸಿದ್ದಕ್ಕೆ ಸಿಗುವ ಹಳೆಯ ದಾಖಲೆ 336ರದ್ದು. ಅಂದರೆ ನೈಸಿಯಾ ಸಭೆಯಾಗಿ 11 ವರ್ಷ, ಕ್ಯಾಲ್ಸೆಡನ್‌ಗೆ ಇನ್ನೂ ನೂರಕ್ಕಿಂತ ಜಾಸ್ತಿ ವರ್ಷ. ಅರ್ಥ ಪೂರ್ತಿ ಇತ್ಯರ್ಥ ಆಗುವ ಮೊದಲೇ ಜನ ಹಬ್ಬ ಮಾಡುತ್ತಿದ್ದರು. ಮಕ್ಕಳು ಮಾಡುವುದೂ ಅದನ್ನೇ.

ಹುಟ್ಟುಹಬ್ಬ ಅಂದರೆ ಏನಂತ?

"ಯೇಸುವಿನ ಹುಟ್ಟುಹಬ್ಬ." ಪುಟ್ಟ ಮಕ್ಕಳಿಗೆ ನಾವೆಲ್ಲ ಕೊಡುವ ವಿವರಣೆ ಇದು. ಹುಟ್ಟುಹಬ್ಬ ಮಗುವಿಗೆ ಗೊತ್ತು, ಹಾಗಾಗಿ ಕ್ರಿಸ್‌ಮಸ್ಸೂ ಗೊತ್ತಾಯಿತು ಅಂತ ನಮ್ಮ ಲೆಕ್ಕ. ಆದರೆ ಹುಟ್ಟುಹಬ್ಬ ಅನ್ನುವುದೇ ಮಗುವಿಗೆ ಎಷ್ಟು ಗೊತ್ತು?

ಟೆಕ್ಸಾಸ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಜಾಕ್ಲಿನ್ ವೂಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. 3ರಿಂದ 5 ವರ್ಷದ ಮಕ್ಕಳಿಗೆ ಸಣ್ಣ ಕಥೆ ಹೇಳಿದರು. ಒಂದು ಮಗುವಿಗೆ ಈ ಸಲ ಹುಟ್ಟುಹಬ್ಬದ ಪಾರ್ಟಿಯೇ ಆಗಲಿಲ್ಲ. ಇನ್ನೊಂದು ಮಗುವಿಗೆ ಎರಡೆರಡು ಪಾರ್ಟಿ ಆಯಿತು. ಈಗ ಆ ಮಕ್ಕಳಿಗೆ ಎಷ್ಟು ವಯಸ್ಸು? ಪಾರ್ಟಿ ಆಗದ ಮಗು ಹಳೆಯ ವಯಸ್ಸಿನಲ್ಲೇ ಉಳಿದುಕೊಂಡಿತು ಅಂದ ಮಕ್ಕಳಿದ್ದರು. ಎರಡು ಪಾರ್ಟಿ ಆದರೆ ವಯಸ್ಸೂ ಎರಡು ಸಲ ಏರುತ್ತದೆ ಅಂದ ಮಕ್ಕಳೂ ಇದ್ದರು. ನಮಗೆ ವಯಸ್ಸು ಏರಿದ್ದರಿಂದ ಪಾರ್ಟಿ. ಆ ಪುಟ್ಟವರಿಗೆ ಪಾರ್ಟಿ ಆದದ್ದರಿಂದ ವಯಸ್ಸು ಏರುತ್ತದೆ.

ಈಗ ಆ ಮಗುವಿನ ಕಣ್ಣಿನಿಂದ ಕ್ರಿಸ್‌ಮಸ್ ನೋಡಿ. ಹುಟ್ಟುಹಬ್ಬದವನು ಎಲ್ಲೂ ಕಾಣುವುದಿಲ್ಲ. ಅವನ ಹುಟ್ಟುಹಬ್ಬಕ್ಕೆ ಉಡುಗೊರೆ ನನಗೆ ಬರುತ್ತದೆ. ಊರಿಗೆ ಊರೇ ಅವನಿಗಾಗಿ ಸಂಭ್ರಮಿಸಿದರೂ ಅವನು ಮಾತ್ರ ಬೆಳೆಯುವುದೇ ಇಲ್ಲ. ಎಲ್ಲರಿಗೂ ಗೊತ್ತಿರುವ ನಿಯಮಗಳೆಲ್ಲ ಇಲ್ಲಿ ಮುರಿದುಬಿದ್ದಿವೆ. ಮಗುವಿಗೆ ಗೊಂದಲ ಆಗದಿದ್ದರೇ ಆಶ್ಚರ್ಯ.

ಇದರ ಮೇಲೆ "ಎರಡು ಸಾವಿರ ವರ್ಷದ ಹಿಂದೆ" ಅಂತ ಬೇರೆ ಹೇಳುತ್ತೇವೆ. ನಾಲ್ಕು ವರ್ಷದವರ ಬಾಯಲ್ಲಿ ನಿನ್ನೆ ಅಂದರೆ ಹೋದ ವಾರವೂ ಆಗಬಹುದು, ಹೋದ ತಿಂಗಳೂ ಆಗಬಹುದು. ಹಿಂದೆ ನಡೆದದ್ದೆಲ್ಲ ಒಂದೇ ಚೀಲದಲ್ಲಿರುತ್ತದೆ. ಡೈನೋಸಾರ್, ಅಜ್ಜಿಯ ಬಾಲ್ಯ, ಯೇಸು ಹುಟ್ಟಿದ್ದು, ಎಲ್ಲ ಅದರೊಳಗೇ. ಎರಡು ಸಾವಿರ ಅನ್ನುವುದು ಅವರಿಗೆ ಸಂಖ್ಯೆಯೂ ಅಲ್ಲ, ಬರೀ ದೊಡ್ಡದು ಅನ್ನುವುದಕ್ಕೆ ಒಂದು ಶಬ್ದ. ಅಜ್ಜಿಗೂ ಒಬ್ಬರು ಅಜ್ಜಿ ಇದ್ದರಲ್ಲ, ಅವರಿಗಿಂತಲೂ ತುಂಬಾ ಹಿಂದೆ ಅಂದರೆ ಏನೋ ಒಂದು ಹಿಡಿತ ಸಿಗುತ್ತದೆ.

ಗೋದಲಿಯ ಮುಂದೆ ಕೇಳಿದ ಪ್ರಶ್ನೆಗೆ ನನಗೆ ಸರಿ ಕಂಡ ಉತ್ತರ ಫೋಟೊದ್ದು. ನೀನು ಪಾಪು ಆಗಿದ್ದಾಗ ತೆಗೆದ ಫೋಟೊ ಮನೆಯಲ್ಲಿದೆ ಅಲ್ವಾ? ನೀನು ಈಗ ದೊಡ್ಡವಳಾದೆ, ಫೋಟೊದಲ್ಲಿ ಇನ್ನೂ ಪಾಪುವೇ. ಗೋದಲಿಯೂ ಹಾಗೆ. ಯೇಸು ಬೆಳೆದ, ನಡೆದ, ಸ್ನೇಹಿತರನ್ನು ಮಾಡಿಕೊಂಡ. ಅವನು ಹುಟ್ಟಿದ ರಾತ್ರಿ ನಮಗೆ ಮರೆಯಬಾರದು ಅಂತ ಈ ಬೊಂಬೆಗಳನ್ನು ಇಟ್ಟಿದ್ದೇವೆ. ಇಷ್ಟು ಹೇಳಿದರೆ ಮಗುವಿನ ಮುಖ ಸಡಿಲವಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಲೆಕ್ಕ ಹೊಂದಿತು.

ಕಥೆಯ ಮಟ್ಟಿಗೆ ಮಕ್ಕಳು ಗಟ್ಟಿಗರು. ಮೂರು ನಾಲ್ಕು ವರ್ಷಕ್ಕೇ ಬೊಂಬೆಗಳನ್ನು ಕೈಗೆ ಕೊಟ್ಟರೆ ಕಥೆಯನ್ನು ಬಹಳಮಟ್ಟಿಗೆ ಸರಿಯಾಗಿ ನಡೆಸಿಬಿಡುತ್ತಾರೆ. ದೂರದ ಪ್ರಯಾಣ, ಇಳಿದುಕೊಳ್ಳಲು ಜಾಗವಿಲ್ಲ, ರಾತ್ರಿ, ಅಮ್ಮ, ಪಾಪು, ನೋಡಲು ಬಂದ ಜನ. ಇದರಲ್ಲಿ ಮಗುವಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ. ಧರ್ಮದ ಬೇರೆ ಎಷ್ಟೋ ಕಥೆಗಳಲ್ಲಿ ಯುದ್ಧ, ರಾಜ್ಯ, ಶಾಪ, ನ್ಯಾಯತೀರ್ಪು ಬರುತ್ತವೆ. ಇಲ್ಲಿ ನಡುವೆ ಇರುವವನು ಕೇಳುತ್ತಿರುವ ಮಗುವಿಗಿಂತಲೂ ಚಿಕ್ಕವನು.

ನಾವು ಗೋದಲಿಯಲ್ಲಿ ಜೋಡಿಸುವ ದೃಶ್ಯವೂ ಒಂದೇ ಕಡೆಯಿಂದ ಬಂದದ್ದಲ್ಲ. ಯೇಸುವಿನ ಬದುಕನ್ನು ಹೇಳುವ ಬೈಬಲಿನ ನಾಲ್ಕು ಸುವಾರ್ತೆಗಳಲ್ಲಿ ಮಾರ್ಕ ಮತ್ತು ಯೋಹಾನ ಹುಟ್ಟಿನ ಕಥೆಯನ್ನೇ ಹೇಳುವುದಿಲ್ಲ. ಕುರುಬರು ಮತ್ತು ಗೋದಲಿ ಬರುವುದು ಲೂಕನಲ್ಲಿ. ನಕ್ಷತ್ರ ಮತ್ತು ಮೂಡಣದಿಂದ ಬಂದ ಜ್ಞಾನಿಗಳು ಮತ್ತಾಯನಲ್ಲಿ. ಆ ಜ್ಞಾನಿಗಳು ಬಂದದ್ದು ಒಂದು ಮನೆಗೆ ಅಂತ ಮತ್ತಾಯ ಬರೆಯುತ್ತಾನೆ. ಅವರು ಮೂವರು ಅಂತ ಎಲ್ಲೂ ಹೇಳಿಲ್ಲ. ಚಿನ್ನ, ಧೂಪ, ರಕ್ತಬೋಳ ಅಂತ ಮೂರು ಕಾಣಿಕೆ ಇದ್ದದ್ದರಿಂದ ಆಮೇಲಿನವರು ಮೂವರು ಮಾಡಿದರು. ಎತ್ತು, ಕತ್ತೆ ಎರಡೂ ಈ ಕಥೆಯಲ್ಲಿ ಇಲ್ಲವೇ ಇಲ್ಲ. ಯೆಶಾಯ ಪ್ರವಾದಿಯ ಪುಸ್ತಕದ ಮೊದಲ ಅಧ್ಯಾಯದಲ್ಲಿ, ಎತ್ತಿಗೂ ಕತ್ತೆಗೂ ತಮ್ಮ ಯಜಮಾನ ಯಾರಂತ ಗೊತ್ತು ಅನ್ನುವ ಮಾತಿದೆ. ಅಲ್ಲಿಂದ ಅವು ಇಲ್ಲಿಗೆ ನಡೆದು ಬಂದವು.

1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಹುಲ್ಲು ತುಂಬಿದ ಗೋದಲಿ ಇಟ್ಟು, ನಿಜವಾದ ಎತ್ತು ಕತ್ತೆಗಳನ್ನು ನಿಲ್ಲಿಸಿ ಕ್ರಿಸ್‌ಮಸ್ ಪೂಜೆ ನಡೆಯುವಂತೆ ಮಾಡಿದ. ಆ ಮಗು ಹುಟ್ಟಿದಾಗ ಎಷ್ಟು ಕಷ್ಟ ಇತ್ತು ಅನ್ನುವುದು ಕಣ್ಣಿಗೆ ಕಾಣಲಿ ಅನ್ನುವುದು ಅವನ ಆಸೆ. ನೋಡಲು ಬಂದವರು ದೊಡ್ಡವರು. ಮಾತಿನಲ್ಲಿ ಹೇಳಿದ್ದು ಸಾಲದು, ನೋಡಬೇಕು, ಮುಟ್ಟಬೇಕು ಅನ್ನುವುದು ಪುಟ್ಟ ಮಕ್ಕಳಿಗೆ ಮಾತ್ರ ಇರುವ ಹಸಿವಲ್ಲ.

ದೇವರಿಗೆ ಏನು ಗೊತ್ತು?

ಮಗುವಾಗಿ ಬಂದವನು ದೇವರು ಅಂತ ಹೇಳಿದರೆ, ದೇವರು ಅನ್ನುವ ಮಾತು ಮೊದಲು ಮಗುವಿನ ತಲೆಯಲ್ಲಿ ಇರಬೇಕು. ಇದೆಯಾ?

ಹಳೆಯ ಉತ್ತರ, ಇಲ್ಲ ಅಂತ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಹೇಳಿದ ಪ್ರಕಾರ ಏಳು ವರ್ಷದವರೆಗಿನ ಮಗುವಿಗೆ ಕಣ್ಣೆದುರಿಗೆ ಕಾಣುವುದೇ ಜಾಸ್ತಿ. ಅಮೂರ್ತವಾದದ್ದನ್ನು ಯೋಚಿಸುವುದು ಸುಮಾರು 11 ದಾಟಿದ ಮೇಲೆ. ಬ್ರಿಟನ್ನಿನ ರೊನಾಲ್ಡ್ ಗೋಲ್ಡ್‌ಮನ್ ಇದೇ ಅಳತೆಗೋಲನ್ನು ಬೈಬಲ್ ಕಥೆಗಳಿಗೆ ಹಿಡಿದರು. ಅವರ ಅಧ್ಯಯನ ಪ್ರಕಟವಾದದ್ದು 1964ರಲ್ಲಿ. ಉರಿಯುವ ಪೊದೆಯಲ್ಲಿ ದೇವರು ಕಾಣಿಸಿದಾಗ ಪ್ರವಾದಿ ಮೋಶೆ ನೋಡಲು ಹೆದರಿದ್ದು ಯಾಕೆ ಅಂತ ಕೇಳಿದರೆ, ದೇವರ ಮುಖ ವಿಚಿತ್ರವಾಗಿತ್ತು ಅನ್ನುವಂಥ ಉತ್ತರ ಚಿಕ್ಕವರಿಂದ ಬಂತು. ಬೈಬಲ್ ಮಕ್ಕಳ ಪುಸ್ತಕವಲ್ಲ ಅನ್ನುವ ನಿಲುವಿಗೆ ಗೋಲ್ಡ್‌ಮನ್ ಬಂದರು. ಅದರಿಂದ ಧರ್ಮಬೋಧಕರಲ್ಲಿ ದೊಡ್ಡ ಚರ್ಚೆಯೇ ಎದ್ದಿತು.

ಅದೇ ಹೊತ್ತಿಗೆ ಅಮೆರಿಕದಲ್ಲಿ ಡೇವಿಡ್ ಎಲ್ಕೈಂಡ್ ಯೆಹೂದಿ, ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಮಕ್ಕಳಿಗೆ ಒಂದು ಜಾಣ ಪ್ರಶ್ನೆ ಕೇಳಿದರು. ನಾಯಿ ಅಥವಾ ಬೆಕ್ಕು ಕ್ಯಾಥೊಲಿಕ್ ಆಗಬಹುದಾ? ಐದಾರು ವರ್ಷದವರಿಗೆ ಪ್ರಶ್ನೆಯೇ ಅಸ್ಪಷ್ಟ. ಏಳರಿಂದ ಒಂಬತ್ತರವರು ಮಾಡುವ ಕೆಲಸದಿಂದ ಅಳೆದರು. ನಾಯಿ ಚರ್ಚಿಗೆ ಹೋಗುವುದಿಲ್ಲ, ಅದನ್ನು ಒಳಗೆ ಬಿಡುವುದೂ ಇಲ್ಲ, ಹಾಗಾಗಿ ಆಗಲ್ಲ. ಹತ್ತು ದಾಟಿದವರು ನಂಬಿಕೆ, ಬುದ್ಧಿ ಅನ್ನುವ ಕಡೆಗೆ ಬಂದರು. ನಾಯಿಗೆ ಅದು ತಿಳಿಯಲ್ಲ, ಹಾಗಾಗಿ ಆಗಲ್ಲ. ಧರ್ಮ ಅಂದರೆ ಮಾಡುವುದು ಅನ್ನುವಲ್ಲಿಂದ ಧರ್ಮ ಅಂದರೆ ನಂಬುವುದು ಅನ್ನುವಲ್ಲಿಗೆ ಮಕ್ಕಳು ನಡೆದು ಬರುವ ದಾರಿ ಇದರಲ್ಲಿ ಚೆನ್ನಾಗಿ ಕಾಣುತ್ತದೆ.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಮಕ್ಕಳಿಗೆ ಅನ್ಯಾಯ. 2001ರಲ್ಲಿ ಮನೋವಿಜ್ಞಾನಿ ಜಸ್ಟಿನ್ ಬ್ಯಾರೆಟ್ ಮತ್ತು ಜೊತೆಗಾರರು ಬೇರೆ ದಾರಿ ಹಿಡಿದರು. ಮಗುವಿಗೆ ಬಿಸ್ಕತ್ತಿನ ಡಬ್ಬಿ ತೋರಿಸಿದರು. ತೆರೆದರೆ ಒಳಗೆ ಕಲ್ಲು. ಮತ್ತೆ ಮುಚ್ಚಿ ಕೇಳಿದರು, ಅಮ್ಮ ಈಗ ಬಂದರೆ ಒಳಗೆ ಏನಿದೆ ಅಂದುಕೊಳ್ಳುತ್ತಾರೆ? ಮೂರು ವರ್ಷದವರು ಕಲ್ಲು ಅಂದರು. ತನಗೆ ಗೊತ್ತಿರುವುದು ಎಲ್ಲರಿಗೂ ಗೊತ್ತು ಅನ್ನುವ ವಯಸ್ಸು ಅದು. ಐದಾರು ವರ್ಷದವರು ಬಿಸ್ಕತ್ತು ಅಂದರು. ಅಮ್ಮನೂ ಮೋಸ ಹೋಗಬಹುದು ಅಂತ ಅವರಿಗೆ ತಿಳಿದಿದೆ. ದೇವರಾದರೆ? ಅದೇ ಐದಾರು ವರ್ಷದವರು, ದೇವರಿಗೆ ಕಲ್ಲು ಅಂತ ಗೊತ್ತಿರುತ್ತದೆ ಅಂದರು. ಅಂದರೆ ದೇವರನ್ನು ಅವರು ಬರೀ ದೊಡ್ಡ ಗಾತ್ರದ ಅಪ್ಪ ಅಂತ ಎಣಿಸಿರಲಿಲ್ಲ. ಮನುಷ್ಯರ ಮನಸ್ಸು ಬೇರೆ, ಅದು ಬೇರೆ ಅಂತ ಗುರುತಿಸಿದ್ದರು.

ಇದಕ್ಕೆ ತಿದ್ದುಪಡಿಯೂ ಬಂದಿದೆ. ಜೊನಾಥನ್ ಲೇನ್ ಮತ್ತು ಜೊತೆಗಾರರು ಇದನ್ನೇ ಇನ್ನಷ್ಟು ಬಿಡಿಸಿ ನೋಡಿದಾಗ, ಮನುಷ್ಯರು ಮೋಸ ಹೋಗುತ್ತಾರೆ ಅಂತ ಆಗತಾನೇ ಕಲಿತ ಮಕ್ಕಳು ಸ್ವಲ್ಪ ಕಾಲ ದೇವರೂ ಮೋಸ ಹೋಗಬಹುದು ಅನ್ನುವುದು ಕಂಡಿತು. ಆಮೇಲೆ ಎರಡೂ ಬೇರೆಯಾದವು. ಎಲ್ಲವೂ ಗೊತ್ತಿರುವವರು ಅಂತ ಮೊದಲೇ ಹೇಳಿ ಒಬ್ಬರ ಬಗ್ಗೆ ಕೇಳಿದರೂ, ಪುಟ್ಟವರು ಅವರಿಗೆ ತಿಳಿಯದ್ದೂ ಇರುತ್ತದೆ ಅಂತಲೇ ಎಣಿಸಿದರು. ಎಲ್ಲ ಅಂದರೆ ನಿಜವಾಗಿ ಎಲ್ಲ ಅನ್ನುವುದು ದೊಡ್ಡ ಮಕ್ಕಳಿಗಷ್ಟೇ ಹಿಡಿಯಿತು.

ಹಾಗಾಗಿ ಐದು ವರ್ಷದ ಮಗುವಿನಲ್ಲಿ ದೇವರ ಕಲ್ಪನೆ ಇದೆ, ಆದರೆ ಅರ್ಧ ಕಟ್ಟಿದ ಮನೆಯ ಹಾಗೆ. ಅದಕ್ಕೆ ಹೋಗಿ, ಎಲ್ಲ ಗೊತ್ತಿರುವ ದೇವರು ಮಾತೇ ಬಾರದ ಕೂಸಾಗಿ ಬಂದ ಅಂದರೆ? ದೊಡ್ಡವರಿಗೆ ಈ ವಿರೋಧದಲ್ಲೇ ಹಬ್ಬದ ಸೊಗಸಿದೆ. ವಿರೋಧ ಕಾಣಬೇಕಾದರೆ ಎರಡು ಕಡೆಯೂ ಗಟ್ಟಿಯಾಗಿ ನಿಂತಿರಬೇಕು. ಮಗುವಿನಲ್ಲಿ ಇನ್ನೂ ನಿಂತಿಲ್ಲ. ಅದಕ್ಕೆ ಅಚ್ಚರಿಯೂ ಆಗುವುದಿಲ್ಲ. ದೇವರು ಪಾಪು ಆದ, ಸರಿ, ಆಮೇಲೆ ಏನಾಯ್ತು ಅಂತ ಮುಂದಕ್ಕೆ ಹೋಗುತ್ತದೆ.

ನಿಜವೋ, ಆಟವೋ

ಅಪ್ಪ ಅಮ್ಮಂದಿರಿಗೆ ಇದರ ಚಿಂತೆ ಜಾಸ್ತಿ. ಯೇಸುವನ್ನೂ ಕ್ರಿಸ್‌ಮಸ್ ತಾತ ಸಾಂತಾ ಕ್ಲಾಸ್‌ನನ್ನೂ ಮಗು ಒಂದೇ ಸಾಲಿನಲ್ಲಿ ಕೂರಿಸಿಬಿಟ್ಟರೆ?

ಮಕ್ಕಳು ಹೇಳಿದ್ದನ್ನೆಲ್ಲ ನಂಬಿಬಿಡುತ್ತಾರೆ ಅನ್ನುವುದು ಸರಿಯಲ್ಲ. ನಾಲ್ಕು ವರ್ಷದ ಹೊತ್ತಿಗೆ ನಿಜ, ಸುಳ್ಳು, ಆಟ ಮೂರನ್ನೂ ಸುಮಾರಾಗಿ ಬಿಡಿಸುತ್ತಾರೆ. ಕಣ್ಣಿಗೆ ಕಾಣದ್ದರ ವಿಷಯ ಬಂದಾಗ ಮಾತ್ರ ಅವರಿಗೆ ದೊಡ್ಡವರ ಮಾತೇ ಆಧಾರ. ಕ್ಯಾಥ್ಲೀನ್ ಕೊರಿವೊ ಮತ್ತು ಜೊತೆಗಾರರು 2015ರಲ್ಲಿ ಐದಾರು ವರ್ಷದವರಿಗೆ ಬೈಬಲ್ ರೀತಿಯ ಪವಾಡದ ಕಥೆಗಳನ್ನು ಹೇಳಿ, ಇದರಲ್ಲಿ ಬರುವವನು ನಿಜವಾಗಿ ಇದ್ದವನಾ ಅಂತ ಕೇಳಿದರು. ಚರ್ಚಿಗೆ ಹೋಗುವ ಅಥವಾ ಧರ್ಮದ ಶಾಲೆಯಲ್ಲಿ ಓದುವ ಮಕ್ಕಳು ಹೌದು ಅಂದರು. ಎರಡೂ ಇಲ್ಲದ ಮಕ್ಕಳು ಕಟ್ಟುಕಥೆ ಅಂದರು. ಎರಡು ಗುಂಪಿನವರೂ ತಮಗೆ ಸಿಕ್ಕ ಆಧಾರವನ್ನೇ ಬಳಸಿದ್ದರು.

ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿದ್ದು ಪಾಲ್ ಹ್ಯಾರಿಸ್ ಮತ್ತು ಜೊತೆಗಾರರ 2006ರ ಕೆಲಸ. ರೋಗಾಣು, ಆಮ್ಲಜನಕ ಇವೂ ಮಗುವಿಗೆ ಕಾಣುವುದಿಲ್ಲ. ದೇವರು, ಸಾಂತಾ ಕ್ಲಾಸ್ ಇವರೂ ಕಾಣುವುದಿಲ್ಲ. ಆದರೂ ಮಕ್ಕಳಿಗೆ ರೋಗಾಣುಗಳ ಬಗ್ಗೆ ಇರುವ ಖಾತ್ರಿ ಇವರ ಬಗ್ಗೆ ಇರಲಿಲ್ಲ. ಯಾಕೆ? ನಮ್ಮ ಮಾತಿನ ಧಾಟಿಯಲ್ಲಿ ಇದಕ್ಕೆ ಒಂದು ಕಾರಣ ಇರಬಹುದು ಅಂತ ಹ್ಯಾರಿಸ್ ಹೇಳುತ್ತಾರೆ. ಕೈ ತೊಳಿ, ಕೀಟಾಣು ಇದೆ ಅನ್ನುತ್ತೇವೆ. ಕೀಟಾಣು ಇದೆ ಅಂತ ನಾನು ನಂಬುತ್ತೇನೆ ಅಂತ ಯಾರೂ ಹೇಳುವುದಿಲ್ಲ. ದೇವರ ವಿಷಯಕ್ಕೆ ಬಂದಾಗ ನಂಬುತ್ತೇನೆ ಅನ್ನುತ್ತೇವೆ. ಆ ಒಂದು ಮಾತಿನಲ್ಲೇ ನಂಬದವರೂ ಇರಬಹುದು ಅನ್ನುವುದು ಮಗುವಿಗೆ ಕೇಳಿಸುತ್ತದೆ.

ಸಾಂತಾ ವಿಷಯದಲ್ಲಿ ಮಕ್ಕಳು ಏಳರ ಆಸುಪಾಸಿನಲ್ಲಿ ತಾವಾಗಿಯೇ ಸತ್ಯ ಕಂಡುಕೊಳ್ಳುತ್ತಾರೆ ಅನ್ನುವುದು 1994ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಕಂಡಿದೆ. ಮಕ್ಕಳು ಅದನ್ನು ಚೆನ್ನಾಗಿಯೇ ತಗೊಂಡರು. ಬೇಸರಪಟ್ಟವರು ಅಪ್ಪ ಅಮ್ಮಂದಿರು. ಇದನ್ನು ಓದಿದ ಮೇಲೆ ಸಾಂತಾ ಆಟದಿಂದ ಮಕ್ಕಳಿಗೆ ಹಾನಿ ಅಂತ ನಾನು ಹೇಳುವುದಿಲ್ಲ. ಆದರೂ ನನ್ನದೊಂದು ಅಭಿಪ್ರಾಯ ಇದೆ. ಎರಡನ್ನೂ ಒಂದೇ ದನಿಯಲ್ಲಿ ಹೇಳಬಾರದು. ಯೇಸು ನೋಡ್ತಾ ಇದಾನೆ, ಜಾಣನಾಗಿರು. ಸಾಂತಾ ನೋಡ್ತಾ ಇದಾನೆ, ಜಾಣನಾಗಿರು. ಈ ಎರಡು ಮಾತೂ ಒಂದೇ ಬಾಯಿಂದ ಒಂದೇ ವಾರದಲ್ಲಿ ಬಂದರೆ, ಏಳನೇ ವರ್ಷಕ್ಕೆ ಒಂದು ಬಿದ್ದಾಗ ಇನ್ನೊಂದನ್ನು ಮಗು ಅನುಮಾನದಿಂದ ನೋಡದೇ ಇರುತ್ತದಾ? ಸಾಂತಾನ ಹಿಂದೆ ನಾಲ್ಕನೇ ಶತಮಾನದ ಮೈರಾ ಪಟ್ಟಣದ ಬಿಷಪ್ ನಿಕೋಲಾಸ್ ಇದ್ದಾನೆ. ಅವನ ಹಬ್ಬ ಡಿಸೆಂಬರ್ 6. ಆ ಮನುಷ್ಯನ ಕಥೆ ಹೇಳಿ, ಅವನ ಹೆಸರಲ್ಲಿ ನಾವು ಆಡುವ ಆಟ ಇದು ಅಂದರೆ ಆಟದ ಖುಷಿ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಮಕ್ಕಳು ಆಟ ಅಂತ ಗೊತ್ತಿದ್ದೇ ಮೈಮರೆತು ಆಡುವವರು.

ಬಾಯಿಪಾಠ ಮತ್ತು "ಪಾಪ"

ನನ್ನ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಮೊದಲ ವರ್ಷ ನಾನು ಐದು ವರ್ಷದ ಮಕ್ಕಳಿಗೆ "ನಮ್ಮ ಪಾಪಗಳಿಗಾಗಿ ಯೇಸು ಹುಟ್ಟಿ ಬಂದ" ಅಂತ ಕಲಿಸಿದ್ದೆ. ಎಲ್ಲರೂ ಒಂದೇ ಉಸಿರಿಗೆ ಹೇಳುತ್ತಿದ್ದರು. ಕೇಳಿದ ಹಿರಿಯರು ಮೆಚ್ಚಿಕೊಂಡರು. ನಾನೂ ಹಿಗ್ಗಿದೆ. ಒಂದು ದಿನ ಯಾಕೋ, ಪಾಪ ಅಂದ್ರೆ ಏನು ಅಂತ ಕೇಳಿದೆ. ಒಬ್ಬ ಹುಡುಗ ಹೇಳಿದ, "ಯಾರಾದ್ರೂ ಬಿದ್ರೆ ಅಯ್ಯೋ ಪಾಪ ಅಂತಾರಲ್ಲ, ಅದು." ಪಕ್ಕದವಳು ತಲೆ ಅಲ್ಲಾಡಿಸಿದಳು. "ಅಲ್ಲ, ಪಾಪ ಅಂದ್ರೆ ಚಿಕ್ಕ ಪಾಪ. ಯೇಸು ಪಾಪ."

ಅಷ್ಟು ದಿನ ಆ ವಾಕ್ಯ ಅವರ ಬಾಯಲ್ಲಿ ಇತ್ತು. ಅರ್ಥ ನನ್ನ ತಲೆಯಲ್ಲಿ ಮಾತ್ರ ಇತ್ತು. ಕನ್ನಡದಲ್ಲಿ ಒಂದೇ ಶಬ್ದ ಮೂರು ಕೆಲಸ ಮಾಡುತ್ತದೆ, ಮಗು ತನಗೆ ಗೊತ್ತಿದ್ದ ಎರಡರಲ್ಲಿ ಒಂದನ್ನು ಹಿಡಿದಿತ್ತು. ಆಮೇಲೆ ಯೋಚಿಸಿದೆ. ಬಿದ್ದವರನ್ನು ಕಂಡು ಅಯ್ಯೋ ಪಾಪ ಅಂದು ದೇವರು ಬಂದ ಅಂತ ಆ ಹುಡುಗ ತಿಳಿದಿದ್ದರೆ, ಅವನು ತುಂಬಾ ದೂರವೇನೂ ಹೋಗಿರಲಿಲ್ಲ.

ರಕ್ಷಕ, ವಿಮೋಚನೆ, ಲೋಕದ ಬೆಳಕು, ದೇವರ ಕುರಿಮರಿ, ಇವೆಲ್ಲ ಹೀಗೆಯೇ. ಬೆಳಕು ಅಂದರೆ ಬಲ್ಬು. ಕುರಿಮರಿ ಅಂದರೆ ಕುರಿಮರಿಯೇ. ಹೋಲಿಕೆಯ ಹಿಂದಿನ ಮಾತನ್ನು ಬಿಡಿಸಿಕೊಳ್ಳುವ ಶಕ್ತಿ ಶಾಲೆಯ ವರ್ಷಗಳಲ್ಲಿ ನಿಧಾನಕ್ಕೆ ಬರುತ್ತದೆ. ಬಾಯಿಪಾಠ ಮಾಡಿಸಬಾರದು ಅಂತ ನಾನು ಹೇಳುತ್ತಿಲ್ಲ. ಬಾಯಿಗೆ ಬಂದದ್ದನ್ನು ಅರ್ಥವಾದದ್ದು ಅಂತ ಎಣಿಸಬಾರದು, ಅಷ್ಟೇ.

ಸೋಫಿಯಾ ಕವಲೆತ್ತಿ ಅನ್ನುವ ಬೈಬಲ್ ವಿದ್ವಾಂಸೆ 1954ರಲ್ಲಿ ರೋಮಿನಲ್ಲಿ ಪುಟ್ಟ ಮಕ್ಕಳ ಜೊತೆ ಕೆಲಸ ಶುರು ಮಾಡಿದರು. ಮಾಂಟೆಸರಿ ಪದ್ಧತಿಯಲ್ಲಿ ಪಳಗಿದ ಜಾನಾ ಗೊಬ್ಬಿ ಅವರ ಜೊತೆಗಿದ್ದರು. ಮಕ್ಕಳಿಗೆ ಉಪದೇಶ ಕಡಿಮೆ, ಕೈಯಲ್ಲಿ ಹಿಡಿದು ನಡೆಸುವ ಮರದ ಬೊಂಬೆಗಳು ಜಾಸ್ತಿ. ಆರು ವರ್ಷದ ಒಳಗಿನವರು ತಪ್ಪು, ಶಿಕ್ಷೆ, ಪಾಪ ಇವುಗಳ ಕಡೆ ಒಲಿಯುವುದಿಲ್ಲ, ಕುರಿಗಳನ್ನು ಹೆಸರು ಹಿಡಿದು ಕರೆಯುವ, ಕಾಯುವ ಕುರುಬನಂಥ ಯೇಸುವಿನ ಕಡೆ ಒಲಿಯುತ್ತಾರೆ ಅನ್ನುವುದು ಅವರು ಕಂಡುಕೊಂಡದ್ದು. ಸರಿ ತಪ್ಪಿನ ಮಾತು ಆರು ದಾಟಿದ ಮೇಲೆ ಇರಲಿ ಅಂದರು. ನನ್ನ ಅನುಭವವೂ ಇದೇ. ಕ್ಯಾಥೊಲಿಕ್ ಚರ್ಚೂ ಏಳನ್ನು ವಿವೇಕ ಬರುವ ವಯಸ್ಸು ಅಂತ ಹಿಡಿದಿದೆ. ಮೊದಲ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಯೇಸುವಿನ ದೇಹ ಅಂತ ನಂಬಿ ತೆಗೆದುಕೊಳ್ಳುವ ರೊಟ್ಟಿ, ಆ ವಯಸ್ಸಿನಿಂದ ಕೊಡಬಹುದು ಅಂತ 1910ರಲ್ಲಿ ಪೋಪ್ ಹತ್ತನೇ ಪಿಯುಸ್ ಆಜ್ಞೆ ಹೊರಡಿಸಿದರು. ಅದಕ್ಕೆ ಮುಂಚೆ ಎಷ್ಟೋ ಕಡೆ ಮಕ್ಕಳು ಇನ್ನೂ ಕೆಲವು ವರ್ಷ ಕಾಯಬೇಕಿತ್ತು. ಪೂರ್ತಿ ತಿಳಿವಳಿಕೆ ಬೇಡ, ಇದು ಬರೀ ರೊಟ್ಟಿಯಲ್ಲ ಅಂತ ಗುರುತಿಸಿದರೆ ಸಾಕು ಅನ್ನುವುದು ಆ ಆಜ್ಞೆಯ ಹುರುಳು.

ತಿಳಿಯುವ ಮೊದಲೇ ಬರುವುದು ಮಾಡುವುದು. 2005ರಲ್ಲಿ ವಿಕ್ಟೋರಿಯಾ ಹಾರ್ನರ್ ಮತ್ತು ಆಂಡ್ರ್ಯೂ ವೈಟನ್ ಒಂದು ಪೆಟ್ಟಿಗೆ ತೆರೆದು ಬಹುಮಾನ ತೆಗೆಯುವುದನ್ನು ಚಿಂಪಾಂಜಿಗಳಿಗೂ ಮಕ್ಕಳಿಗೂ ತೋರಿಸಿದರು. ನಡುವೆ ಬೇಡದ ಕುಟ್ಟುವಿಕೆ ಸೇರಿಸಿದರು. ಪೆಟ್ಟಿಗೆ ಪಾರದರ್ಶಕವಾಗಿದ್ದಾಗ ಚಿಂಪಾಂಜಿಗಳು ಬೇಡದ್ದನ್ನು ಬಿಟ್ಟವು. ಮೂರು ನಾಲ್ಕು ವರ್ಷದ ಮಕ್ಕಳು ಬಿಡಲಿಲ್ಲ, ತೋರಿಸಿದ ಹಾಗೇ ಮಾಡಿದರು. ಇದರಲ್ಲಿ ಮಕ್ಕಳು ದಡ್ಡರಾಗಿ ಕಾಣಬಹುದು. ಆದರೆ ನಮ್ಮ ಎಲ್ಲ ಆಚರಣೆಗಳೂ ಮುಂದಿನವರಿಗೆ ದಾಟಿದ್ದು ಈ ಗುಣದಿಂದಲೇ. ಹಬ್ಬದಲ್ಲಿ ಮೇಣದಬತ್ತಿ ಹಚ್ಚುವುದರಿಂದ ಏನು ಆಗುತ್ತದೆ? ಕಣ್ಣಿಗೆ ಕಾಣುವಂಥದ್ದು ಏನೂ ಆಗುವುದಿಲ್ಲ. ಆದರೂ ಅಮ್ಮ ಎಷ್ಟು ಜೋಪಾನವಾಗಿ ಹಚ್ಚುತ್ತಾಳೆ, ಆಗ ಮನೆಯವರೆಲ್ಲ ಹೇಗೆ ದನಿ ತಗ್ಗಿಸುತ್ತಾರೆ ಅನ್ನುವುದನ್ನು ಎರಡು ವರ್ಷದ ಮಗುವೂ ಹಿಡಿದುಬಿಡುತ್ತದೆ. ಇದು ಬೇರೆ ಥರದ ಹೊತ್ತು ಅಂತ ಅದಕ್ಕೆ ಗೊತ್ತಾಗುತ್ತದೆ. ಧಾರ್ಮಿಕ ಅರ್ಥ ಅಂತ ನಾವು ಕರೆಯುವುದರಲ್ಲಿ ಇದಕ್ಕೂ ಪಾಲಿದೆ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ವಿವರಣೆ ಕೊಡುವ ಅವಸರದಲ್ಲಿ ಈ ಹೊತ್ತನ್ನೇ ಮಾತಿನಿಂದ ತುಂಬಿ ಕೆಡಿಸುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಮೂರು ವರ್ಷದವರಿಗೆ ನಾನು ಈಗ ಹೇಳುವುದು ಇಷ್ಟೇ. ಇವನು ಯೇಸು. ಇವನು ಹುಟ್ಟಿದಾಗ ಎಲ್ಲರಿಗೂ ಖುಷಿಯಾಯಿತು. ನಮಗೂ ಖುಷಿ. ಐದಾರಕ್ಕೆ, ದೇವರಿಗೆ ನಮ್ಮ ಮೇಲೆ ಎಷ್ಟು ಪ್ರೀತಿ ಅಂದರೆ ನಮ್ಮ ಜೊತೆ ಇರಲು ಬಂದ ಅಂತ ಕ್ರೈಸ್ತರು ಹೇಳುತ್ತಾರೆ ಅನ್ನುತ್ತೇನೆ. ದೇವರನ್ನು ನಂಬದ ಮನೆಯವರೂ ತಮ್ಮ ಮಕ್ಕಳಿಗೆ ಈ ವಾಕ್ಯವನ್ನು ಹೀಗೇ ಹೇಳಬಹುದು. ಇದರಲ್ಲಿ ಸುಳ್ಳಿಲ್ಲ, ಮುಂದೆ ಕಿತ್ತು ಹಾಕಬೇಕಾದದ್ದೂ ಇಲ್ಲ. ಎಂಟು ಒಂಬತ್ತರವರಿಗೆ ಲೂಕ ಮತ್ತು ಮತ್ತಾಯ ಎರಡನ್ನೂ ಪಕ್ಕಪಕ್ಕ ಇಟ್ಟು, ಯಾರು ಏನು ಹೇಳಿದ್ದಾರೆ ಹುಡುಕಿ ಅನ್ನುತ್ತೇನೆ. ಎತ್ತು ಎಲ್ಲೂ ಸಿಗದೆ ಅವರು ಗಾಬರಿಯಾಗುವುದನ್ನು ನೋಡುವುದು ನನಗೆ ತುಂಬಾ ಇಷ್ಟ. ಕೇಳಿದ್ದಕ್ಕೆ ಉತ್ತರ ತಿಳಿಯದಿದ್ದರೆ ತಿಳಿಯದು ಅಂತಲೇ ಹೇಳುತ್ತೇನೆ.

ಪಾಪ ಅಂದರೆ ಯೇಸು ಪಾಪ ಅಂದಿದ್ದಳಲ್ಲ, ಆ ಹುಡುಗಿಗೆ ಹನ್ನೊಂದು ತುಂಬಿದ ವರ್ಷ. ದೊಡ್ಡ ಮಕ್ಕಳ ಗುಂಪಿನಿಂದ ಎದ್ದು ಬಂದು, ಗೋದಲಿ ಜೋಡಿಸುತ್ತಿದ್ದ ನನ್ನ ಪಕ್ಕ ಕೂತಳು. "ಆಂಟಿ, ಯೇಸುನೇ ದೇವರಾದ್ರೆ, ಅವನು ಪ್ರಾರ್ಥನೆ ಮಾಡ್ತಿದ್ದದ್ದು ಯಾರಿಗೆ?"

ಕೈಯಲ್ಲಿದ್ದ ಬೊಂಬೆ ಕೆಳಗಿಟ್ಟೆ. ಹತ್ತಿರತ್ತಿರ ಇದೇ ಪ್ರಶ್ನೆ ಇಟ್ಟುಕೊಂಡು 325ರಲ್ಲಿ ಬಿಷಪ್ಪರೆಲ್ಲ ಒಂದು ಊರಿನಲ್ಲಿ ಸೇರಿದ್ದರು ಅಂತ ಹೇಳಿದೆ. ಅವಳು ಕಣ್ಣರಳಿಸಿದಳು.

"ಆಮೇಲೆ? ಎಲ್ಲರೂ ಒಪ್ಕೊಂಡ್ರಾ?"

"ಇಲ್ಲ. ಎಲ್ಲರೂ ಒಪ್ಪಲಿಲ್ಲ" ಅಂದೆ.

ಕುರುಬನ ಬೊಂಬೆ ಎತ್ತಿಕೊಂಡು ಸರಿಯಾದ ಜಾಗದಲ್ಲಿ ನಿಲ್ಲಿಸುತ್ತಾ, "ಪೂರ್ತಿ ಹೇಳಿ ಆಂಟಿ" ಅಂದಳು.